ಕಲ್ಲು ತಪ್ಪಿ ಕೂತವರು

ಇಲಿಯ ಮೂಗನ್ನು ಮೈನಸ್ ಇಪ್ಪತ್ತರಲ್ಲಿ ಹೆಪ್ಪುಗಟ್ಟಿಸಿ
ಹನ್ನೆರಡು ಮೈಕ್ರಾನಿನ ಪದರಗಳಾಗಿ ಸೀಳುವುದು ನನ್ನ ಕೆಲಸ,
ದೇರಳಕಟ್ಟೆಯಲ್ಲಿ, ಏಸಿ ಸರಿಯಿಲ್ಲದ ಕೋಣೆಯಲ್ಲಿ.
ನೀರ್‌ದೋಸೆಯಷ್ಟು ತೆಳುವಾ? ಕೇಳುತ್ತಾಳೆ ದೊಡ್ಡಮ್ಮ.
ಅದಕ್ಕಿಂತ ತೆಳು. ಬ್ರಷ್ಷಿನ ತುದಿಗೆ ಮಾತ್ರ ಸಿಗುತ್ತದೆ,
ಉಸಿರು ತಾಗಿದರೆ ಹೋಯಿತು.

ಗಾಜಿನ ಮೇಲೆ ಮಲಗಿಸಿ ಬಣ್ಣ ಹಾಕಿದರೆ
ಮೂಗಿನೊಳಗೆ ಎಲುಬಿನ ಸುರುಳಿಗಳು,
ಸುರುಳಿಯ ಮೈತುಂಬ ಚುಕ್ಕಿ.
ಸಾವಿರಕ್ಕೂ ಮಿಕ್ಕಿ ಜೀನುಗಳುಂಟು ವಾಸನೆಗೆಂದೇ.
ಒಂದೊಂದು ಕೋಶವೂ ಅಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು
ಒಂದನ್ನೇ ಆರಿಸುತ್ತದೆ, ಉಳಿದದ್ದಕ್ಕೆಲ್ಲ ಬೀಗ.
ತಾಯಿಯದ್ದೋ ತಂದೆಯದ್ದೋ, ಅದರಲ್ಲೂ ಒಂದೇ ಪ್ರತಿ.

ಚೀಟಿ ಎತ್ತಿದ ಹಾಗೆ, ಅಂತಾರೆ ಪಿರೇರಾ ಮೇಡಂ,
ಆದರೆ ಚೀಟಿಯ ಡಬ್ಬಿ ಜಾಗಕ್ಕೊಂದು.
ಮೇಲಿನ ಗೋಡೆಯಲ್ಲಿ ಹುಟ್ಟಿದವಕ್ಕೆ ಬೇರೆ,
ಕೆಳಗೆ ಅಂಚಿನಲ್ಲಿ ಹುಟ್ಟಿದವಕ್ಕೆ ಬೇರೆ.
ನಡುವೆ ಬೇಲಿಯಿಲ್ಲ,
ಒಂದು ಮುಗಿಯುವ ಮೊದಲೇ ಇನ್ನೊಂದು ಶುರು.
ಉಳ್ಳಾಲದ ಹತ್ತಿರ ಹೊಳೆ ಎಲ್ಲಿ ಉಪ್ಪಾಗುತ್ತದೆ ಎಂದು
ದೋಣಿಯವನೂ ಬೆರಳಿಟ್ಟು ತೋರಿಸಲಾರ, ಹಾಗೆ.

"ಗೆರೆ ಯಾಕೆ ಬೇಕು?" ಅಂದಳು ದೊಡ್ಡಮ್ಮ,
ಸ್ಟೇಟ್ ಬ್ಯಾಂಕಿನ ಮಾರ್ಕೆಟ್ಟಿನಲ್ಲಿ ಮೂವತ್ತೊಂದು ವರ್ಷ ಕೂತವಳು.
ಬೋರ್ಡಿಲ್ಲ, ನಂಬರಿಲ್ಲ.
ಬಾಗಿಲ ಬಳಿ ಬೂತಾಯಿ, ಕಂಬದ ಹಿಂದೆ ಎಟ್ಟಿ,
ನೀರು ನಿಲ್ಲುವ ಮೂಲೆ ಒಣಮೀನಿಗೆ ಆಗದು.
ಗುಲಾಬಿ ತೀರಿಕೊಂಡ ಹದಿನಾರನೇ ದಿನ ಅವಳ ಸೊಸೆ ಬಂದಳು.
ಯಾರೂ ಹೇಳಲಿಲ್ಲ. ಅದೇ ಕಲ್ಲಿನ ಮೇಲೆ ಬುಟ್ಟಿ ಇಳಿಸಿದಳು.
"ಬಂಗುಡೆಯೇ ತಂದಿದ್ದಳು ಮಾರಾಯ್ತಿ!"

ಮೂಗಿನಲ್ಲೂ ಹಾಗೆಯೇ, ಎಂದೆ.
ಕೋಶಗಳು ಸಾಯುತ್ತಲೇ ಇರುತ್ತವೆ, ಅಡಿಯಿಂದ ಹೊಸವು ಬರುತ್ತವೆ,
ಆ ಜಾಗದ ಡಬ್ಬಿಗೇ ಕೈಹಾಕುತ್ತವೆ.
ಆಮೇಲೆ ಒಂದು ಎಳೆ ಚಾಚಿ
ಎಲುಬಿನ ಜರಡಿಯ ತೂತಿನಿಂದ ಮಿದುಳಿಗೆ ನುಸುಳಿ
ತಾನು ಎತ್ತಿದ್ದನ್ನೇ ಎತ್ತಿದವರ ಗಂಟು ಹುಡುಕುತ್ತವೆ.

ಅವಳು ಕೇಳಿಸಿಕೊಳ್ಳಲಿಲ್ಲ. ಇಲ್ಲಾ, ತುಂಬಾ ಕೇಳಿಸಿಕೊಂಡಳು.
ಆ ಜ್ವರದ ವರ್ಷದಿಂದ ಅವಳಿಗೆ ವಾಸನೆಯಿಲ್ಲ.
ಕಿವಿರು ಬಿಡಿಸಿ ಕೆಂಪು ನೋಡುತ್ತಾಳೆ, ಬೆರಳಿನಿಂದ ಒತ್ತುತ್ತಾಳೆ,
ಮೂಗಿಗೆ ಹಿಡಿಯುವುದನ್ನೂ ಬಿಟ್ಟಿಲ್ಲ,
ಗಿರಾಕಿಗಳು ನೋಡುತ್ತಾರಲ್ಲ.
ಆಚೆ ಕೂತ ಗುಲಾಬಿಯ ಸೊಸೆ
ಕಣ್ಣಿನಲ್ಲೇ ಹೇಳುತ್ತಾಳೆ: ಆಗಬಹುದು. ಇದು ಬೇಡ.

ಇವತ್ತಿನದ್ದು ಆರನೇ ಪಂಜರದ್ದು. ಬಿಳಿ. ಹೆಸರಿಲ್ಲ, ಕಿವಿಯಲ್ಲೊಂದು ತೂತು.
ಮರದ ಹೊಟ್ಟು, ಒಣ ತಿಂಡಿ, ನನ್ನ ಗ್ಲೌಸು,
ಆಯುಷ್ಯದಲ್ಲಿ ಅದು ಮೂಸಿದ್ದು ಅಷ್ಟೇ.
ಬಂದರಿನ ಗೋದಾಮುಗಳಲ್ಲಿ ಅದರ ನೆಂಟರು
ಜೀರಿಗೆ, ಕೊಬ್ಬರಿ, ಡೀಸೆಲ್, ಬೆಕ್ಕು ಎಲ್ಲ ಬಲ್ಲರು.
ಬೆಕ್ಕಿಗೆ ಇದರ ಮೂಗಿನಲ್ಲೂ ಜಾಗವಿತ್ತು.
ನೋಡಿ, ಮೇಲಿನ ಗೋಡೆಯಲ್ಲಿ, ಸರಿಯಾದಲ್ಲೇ,
ಹಸಿರು ಚುಕ್ಕಿಗಳು ಬುಟ್ಟಿ ಇಳಿಸಿ ಕೂತಿವೆ,
ಬೆಕ್ಕು ಬರಲೇ ಇಲ್ಲ.

ಮೊನ್ನೆ ರಾತ್ರಿ ಹತ್ತೂವರೆಗೆ ಫೋನು.
"ರಬ್ಬರು ಸುಟ್ಟ ಹಾಗೆ ಬರ್ತಾ ಉಂಟು.
ಸುಟ್ಟದ್ದು ಎಂತದೂ ಇಲ್ಲ, ಬೂತಾಯಿ ತೊಳೆಯುತ್ತಿದ್ದೆ."
ನಾನು ಕುರ್ಚಿಯಿಂದ ಎದ್ದು ನಿಂತೆ.
ಯಾರೋ ಹೊಸಬರು ಬಂದಿದ್ದಾರೆ ದೊಡ್ಡಮ್ಮ,
ಕಲ್ಲು ತಪ್ಪಿ ಕೂತಿದ್ದಾರೆ.
ಅತ್ತ ಕಡೆ ನಲ್ಲಿಯ ನೀರು ಬೀಳುವ ಸದ್ದು.
"ಕೂರಲಿ," ಅಂದಳು,
"ಎದ್ದು ಹೋಗದಿದ್ದರೆ ಸಾಕು."