ಆಮೆಗಾಡಿ

ಮುಚ್ಚಿದ ಮಿಲ್ಲಿನ ಹಿಂದೆ, ಬಳ್ಳಾರಿ ಜಾಲಿಯೊಳಗೆ
ಹೊಟ್ಟೆಯವರೆಗೆ ಹೂತು ನಿಂತಿತ್ತು.
ಗುಜರಿಯ ಖಲಂದರ್ ಸಾಬರು ತೂಕದ ಲೆಕ್ಕದಲ್ಲಿ ಕೊಟ್ಟರು,
ಮೂರು ಟನ್ನು ಚಿಲ್ಲರೆ.
ಚಿಲ್ಲರೆ ಬಿಟ್ಟುಕೊಟ್ಟರು:
"ಟೀಚರಮ್ಮ, ಅದು ತುಕ್ಕಿನ ತೂಕ."

ಲಾರಿಯಿಂದ ಇಳಿಸುವಾಗ ಓಣಿಗೆ ಓಣಿಯೇ ಹೊರಗೆ.
ಮಂಡಕ್ಕಿ ಭಟ್ಟಿಯ ಹುಡುಗರು ಮಸಿಗೈಯಲ್ಲೇ ಬಂದು ಹಗ್ಗ ಹಿಡಿದರು.
"ಇದರ ತೋಪೆಲ್ಲಿ?" ಅಂದ ಒಬ್ಬ.
ತೋಪಿಲ್ಲಪ್ಪ ಇದಕ್ಕೆ.
ಗುಂಡು ಹಾರಿಸುವವರ ಹತ್ತಿರಕ್ಕೆ
ಮದ್ದು, ನೀರು, ರೊಟ್ಟಿ ಹೊತ್ತು ತೆವಳುತ್ತಿದ್ದದ್ದು.
ಯುದ್ಧ ಮುಗಿದ ಮೇಲೆ ಹರಾಜಾಗಿ ಮಿಲ್ಲಿಗೆ ಬಂತು,
ಹತ್ತಿಯ ಅಂಡಿಗೆ ಎಳೆಯಿತು.
ಆಮೆ ಅಂತ ಕರೆದರಂತೆ ಕೂಲಿಯವರು.

ಮೂವತ್ತೊಂದು ವರ್ಷ ಐಟಿಐಯಲ್ಲಿ
ಟರ್ನರ್ ಕಲಿಸಿದವಳು ನಾನು.
ಹುಡುಗರಿಗೆ ಹೇಳುತ್ತಿದ್ದೆ:
ಕಬ್ಬಿಣ ಸುಳ್ಳಾಡುವುದಿಲ್ಲ, ಅಳೆಯುವವನು ಆಡುತ್ತಾನೆ.
ನಿವೃತ್ತಿಗೆ ಶಾಲು, ಹಾರ, ಒಂದು ಗೋಡೆ ಗಡಿಯಾರ.
ಗಡಿಯಾರ ಈಗ ಗ್ಯಾರೇಜಿನಲ್ಲಿ,
ಗ್ರೀಸಿನ ಡಬ್ಬದ ಮೇಲೆ, ಹತ್ತು ನಿಮಿಷ ಹಿಂದೆ.

ಮೊದಲು ಬಣ್ಣ ಕೆರೆದೆ.
ಮಿಲ್ಲಿನ ನೀಲಿ. ಅದರಡಿ ಎಲೆಹಸಿರು.
ಅದರಡಿ ಮರಳಿನ ಬಣ್ಣ, ಯಾವ ಮರಳುಗಾಡೋ!
ದಾವಣಗೆರೆಯ ಏಪ್ರಿಲ್ಲನ್ನು ಕಂಡು
ಊರಿಗೆ ಮರಳಿದೆನೆಂದುಕೊಂಡಿರಬೇಕು.
ಅದರಡಿ ಕೆಂಪು.
ಅದರಡಿ ಇನ್ನೂ ಯಾರ ಕಡೆಗೂ ಸೇರದ ಬೂದು.

ಎಂಟು ಸಿಲಿಂಡರಿನ ಎದೆ ಬಿಚ್ಚಿದರೆ ಇಲಿಗೂಡು.
ಗೂಡಿನ ತುಂಬ ಹತ್ತಿ,
ಸೈರನ್ನು ನಿಂತು ಇಷ್ಟು ಕಾಲದ ಮೇಲೂ ಬೆಳ್ಳಗೆ.
ಎಸೆಯಲು ಮನಸ್ಸಾಗಲಿಲ್ಲ.
ದೇವರ ಗೂಡಿನ ಬತ್ತಿಗೆ ಬಂತು, ಎರಡು ವಾರ.

ಆಮೇಲೆ ಪಟ್ಟಿ.
ಒಂದೊಂದು ಬದಿಗೆ ನೂರೆಪ್ಪತ್ತು ಚಿಲ್ಲರೆ ಕೊಂಡಿ,
ಅಷ್ಟೇ ಪಿನ್ನು,
ಅರ್ಧಕ್ಕರ್ಧ ಸವೆದು ಸೊಂಟ ಸಣ್ಣಗಾದವು.
ಹಳೆಯ ಶಿಷ್ಯ ದಾದಾಪೀರ ಸರಳು ತಂದುಕೊಟ್ಟ.
ರಾತ್ರಿಗೆ ಆರು, ಕಣ್ಣು ಒಪ್ಪಿದರೆ ಎಂಟು
ಲೇತಿನಲ್ಲಿ ತಿರುವಿ ತೆಗೆಯುತ್ತಿದ್ದೆ;
ನೀಲಿ ಸುರುಳಿ ಸುರುಳಿ ಚೂರು
ಸೆರಗಿಗೆ ಸಿಕ್ಕಿ ಅಡುಗೆಮನೆವರೆಗೂ ಬರುತ್ತಿತ್ತು.

ಚಾಲಕನ ಮೊಣಕಾಲು ತಾಗುವಲ್ಲಿ
ಮೊಳೆಯಿಂದ ಕೊರೆದದ್ದು ಸಿಕ್ಕಿದ್ದು ಆ ಮಳೆಗಾಲ:
    ಬೀಡಿ ೨ ಆಣೆ
    ಎಣ್ಣೆ ೬ ಆಣೆ
    ಗಿರಿಜವ್ವಗೆ ೫ ರೂ. ಬಾಕಿ
ಬೀಡಿಗೆ ಅಡ್ಡಗೆರೆ. ಎಣ್ಣೆಗೆ ಅಡ್ಡಗೆರೆ.
ಗಿರಿಜವ್ವನಿಗೆ ಇಲ್ಲ.

ಮಿಲ್ಲಿನ ಹಳಬರನ್ನು ಕೇಳಿದೆ.
ಯಾವ ಗಿರಿಜವ್ವ? ನೂಲು ಸುತ್ತುವವಳೋ,
ಗೇಟಿನ ಎದುರು ಚಹಾ ಕಾಸುವವಳೋ?
ಮರುಳಸಿದ್ದಪ್ಪ ಕಿವಿಗೆ ಕೈ ಹಿಡಿದು ಎಲ್ಲ ಕೇಳಿಸಿಕೊಂಡು
"ಐದು ರೂಪಾಯಿ ಆಗ ಐದು ರೂಪಾಯಿಯಾಗಿತ್ತು" ಅಂದ.
ಅಷ್ಟೇ ಸಿಕ್ಕಿದ್ದು.

ಇದರ ಚಕ್ರಕ್ಕೆ ಒಂದು ಗುಣವಿದೆ.
ಸ್ಟಿಯರಿಂಗನ್ನು ಚೂರು ತಿರುಗಿಸಿದರೆ
ಉಕ್ಕಿನ ಪಟ್ಟಿಯೇ ಬಿಲ್ಲಿನಂತೆ ಬಾಗಿ ದಾರಿ ಬಾಗುತ್ತದೆ.
ಜೋರು ತಿರುಗಿಸಿದರೆ
ಒಂದು ಬದಿ ಗಕ್ಕನೆ ನಿಲ್ಲುತ್ತದೆ,
ಇನ್ನೊಂದು ಅದನ್ನು ಸುತ್ತುತ್ತದೆ.
ಗಂಡನ ಜೊತೆ ಇಪ್ಪತ್ತು ವರ್ಷ ನಾನು
ಎರಡನೆಯದನ್ನೇ ಮಾಡಿದೆ.
ಮೊದಲನೆಯದು ಗೊತ್ತಿರಲಿಲ್ಲ.

ಎಂಟನೆಯ ವರ್ಷ, ಕಾರ್ತಿಕದ ಒಂದು ಬೆಳಿಗ್ಗೆ
ಕೆಮ್ಮಿತು. ಸುಮ್ಮನಾಯಿತು.
ಇನ್ನೊಮ್ಮೆ ಕೆಮ್ಮಿ, ಓಣಿಯ ಕಿಟಕಿಗಳನ್ನೆಲ್ಲ ನಡುಗಿಸಿ
ನಿಂತಲ್ಲೇ ಉಸಿರಾಡತೊಡಗಿತು.
ದಾದಾಪೀರ ಅತ್ತದ್ದನ್ನು ಹೊಗೆಯ ಮೇಲೆ ಹಾಕಿದ.
ನಾನೂ ಹೊಗೆಯ ಮೇಲೇ ಹಾಕಿದೆ.

ಹಸಿರು ಬಳಿದಿದ್ದೆ ಮೈತುಂಬ,
ಮೊಣಕಾಲಿನ ಹತ್ತಿರ ಒಂದು ಗೇಣು ಬಿಟ್ಟು.

ಹೊರಡಿಸಿದೆ. ಗ್ಯಾರೇಜಿನಿಂದ ಗೇಟಿನವರೆಗೆ
ನಾಲ್ಕು ಮಾರು. ಅಲ್ಲಿ ನಿಂತೆವು.
ಗೇಟಿಗಿಂತ ಗಾಡಿ ಮೂರು ಬೆರಳು ಅಗಲ.
ಅಂದು ಇದನ್ನು ಒಳಗೆ ತಂದದ್ದು
ಪಕ್ಕದ ಖಾಲಿ ಸೈಟಿನ ಮೇಲಿಂದ;
ಅಲ್ಲೀಗ ಮೂರಂತಸ್ತಿನ ಮನೆ,
ಮಾಳಿಗೆಯ ಮೇಲೆ ಒಣಗಿದ ಬಟ್ಟೆ, ನಗುವ ಮಕ್ಕಳು.

ಪಿನ್ನನ್ನು ಕೂದಲೆಳೆಯವರೆಗೆ ಅಳೆದವಳು
ಗೇಟು ಅಳೆದಿರಲಿಲ್ಲ.

ದಾದಾಪೀರ ಸುತ್ತಿಗೆ ಎತ್ತಿಕೊಂಡು ಬಂದ.
"ಮೇಡಂ, ಕಂಬ ಕೆಡವ್ಲಾ?"
ಎಂಜಿನ್ ಆರಿಸಲಿಲ್ಲ ನಾನು.
"ತಡಿಯಪ್ಪ," ಅಂದೆ, "ಟೇಪು ತಾ ಮೊದಲು."