ಅಳಿಸಿದ ಇಸವಿ

ಟಪಾಲಿನಲ್ಲಿ ಬಂತಂತೆ, ನಾನು ಹುಟ್ಟುವ ಮೊದಲು.
ರಟ್ಟಿನ ಪುಟ್ಟ ಡಬ್ಬಿ, ಒಳಗೆ ಬೆಳ್ಳಿ,
ಕೆಂಪು, ನೀಲಿ, ನಡುವೆ ಅಗಲಕ್ಕೆ ಕಿತ್ತಳೆ ಬಣ್ಣದ ರಿಬ್ಬನ್ನು.
ಅಂಚಿನ ಮೇಲೆ ಕೊರೆದಿತ್ತು: ಲಾಕ್ಲನ್ ಗಿಲ್ಕ್ರಿಸ್ಟ್, ರಾವುತ.
ಗಿಲ್ಕ್ರಿಸ್ಟ್‌ನಲ್ಲಿ ಒಂದು ಅಕ್ಷರ ಕಮ್ಮಿ.
ವಾಪಸು ಕಳಿಸು, ತಿದ್ದಿಕೊಡುತ್ತಾರೆ ಅಂದಳು ಅಮ್ಮ.
ಇರಲಿ ಬಿಡು ಅಂದನಂತೆ ಅಪ್ಪ,
ಅಲ್ಲಿಗೆ ಹೋಗಿದ್ದವನು ಅವನೇ ಇರಬಹುದು.

ಯಾರೂ ಕರೆದಿರಲಿಲ್ಲ. ಅಮ್ಮ ಅದನ್ನು ಮರೆಯಲೇ ಇಲ್ಲ.
ನೇಸ್‌ಬಿಯ ಪುರಭವನದಲ್ಲಿ ಬ್ಯಾಂಡು ಬಾರಿಸಿದರು,
ಪಾದ್ರಿ ಸಾಮ್ರಾಜ್ಯದ ಬಗ್ಗೆ ಎರಡು ಮಾತಾಡಿದರು,
ಇಪ್ಪತ್ತೆರಡರ ಹುಡುಗ ಕೈಯೆತ್ತಿದ.
ಕುದುರೆ ತನ್ನದೇ, ಜೀನು ತನ್ನದೇ.
ಎರಡೂ ಹಡಗು ಹತ್ತಿದವು.
ಜೀನು ತಿರುಗಿ ಬಂತು.

ಪದಕದ ಒಂದು ಮಗ್ಗುಲಲ್ಲಿ ಮುಸುಕು ಹೊದ್ದ ಮುದಿ ರಾಣಿ.
ಇನ್ನೊಂದರಲ್ಲಿ ಬಾವುಟ ಹಿಡಿದ ದೇವಿ,
ದೂರದಿಂದ ಸಾಲಾಗಿ ಬರುವ ಸೈನಿಕರತ್ತ
ಎಲೆಯ ಹಾರ ಚಾಚಿ ನಿಂತಿದ್ದಾಳೆ.
ಆ ಸಾಲು ಅವಳನ್ನು ಮುಟ್ಟುವುದೇ ಇಲ್ಲ,
ಎಷ್ಟು ಸಲ ನೋಡಿದ್ದೇನೆ.

ಹಿಮ ಬಿದ್ದು ದಾರಿ ಮುಚ್ಚಿದ ಒಂದು ಸಂಜೆ
ದೀಪಕ್ಕೆ ಓರೆಯಾಗಿ ಹಿಡಿದಾಗ
ಅವಳ ಕೈಯ ಪಕ್ಕ ಏನೋ ಕಂಡಿತು:
ಉಜ್ಜಿ ತೆಗೆದ ಅಂಕಿಗಳು,
ಗಾಯ ಮಾಯ್ದ ಮೇಲೂ ಚರ್ಮದಲ್ಲಿ ಉಳಿಯುವ ಹೊಳಪಿನ ಹಾಗೆ.
ಬೆರಳಿಗೆ ಸಿಗವು. ಕಣ್ಣಿಗೆ ಸಿಕ್ಕಿ ಜಾರುತ್ತವೆ.
ಒಂದು, ಒಂಬತ್ತು, ಸೊನ್ನೆ, ಸೊನ್ನೆ.

ಅದು ಇಸವಿ ಅಂದಳು ಅಮ್ಮ, ಹೆಗಲ ಮೇಲಿಂದ ಬಗ್ಗಿ.
ಅಷ್ಟರಲ್ಲಿ ಯುದ್ಧ ಮುಗಿದೀತೆಂದು
ಮುಂಚೆಯೇ ಅಚ್ಚು ಹಾಕಿಸಿದ್ದರು. ಮುಗಿಯಲಿಲ್ಲ.
ಅರ ಹಾಕಿ ಅಳಿಸಿದರು.

ಅಪ್ಪ ಒಲೆಯ ಹತ್ತಿರ ಬೂಟು ಬಿಚ್ಚುತ್ತಿದ್ದ.
ಕುರಿ, ಅಂದ.
ಸಾವಿರದ ಒಂಬೈನೂರು.

ಆ ರಾತ್ರಿ ಅಷ್ಟೇ. ಉಳಿದದ್ದು ವರ್ಷಗಟ್ಟಲೆ ಚೂರುಚೂರಾಗಿ ಬಂತು,
ಬೇಲಿಯ ತಂತಿ ಬಿಗಿಯುವಾಗ, ಕತ್ತರಿ ಮಸೆಯುವಾಗ:
ಬೋಯರ್ ಹೆಂಗಸೊಬ್ಬಳು ಬಟ್ಟಲುಗಳನ್ನು ಒಂದೊಂದೇ
ಅಂಗಳಕ್ಕೆ ತಂದಿಟ್ಟದ್ದು, ಅವಸರವೇ ಇಲ್ಲದೆ.
ಇವರೇ ನಾಲ್ವರು ಅವಳ ಹಾರ್ಮೋನಿಯಂ ಹೊತ್ತು ಹೊರಗಿಟ್ಟದ್ದು,
ಆಮೇಲೆ ಇವರೇ ಸೂರಿಗೆ ಬೆಂಕಿ ಹಚ್ಚಿದ್ದು.
ಹೊಗೆಯ ನಡುವೆ ಸಾರ್ಜೆಂಟ್ ಕೇಳಿದ್ದು:
ಕುರಿ ಹೊಡೆಯಬೇಕು, ಕುರಿಯ ಕೆಲಸ ಬಲ್ಲವರು ಯಾರು?

ಮತ್ತೆ ಕೈಯೆತ್ತಿದೆ ಅಂದ ಅಪ್ಪ.
ಹೊಡೆಯುವುದು ಅಂದರೆ
ಅಟ್ಟಿಕೊಂಡು ಹೋಗುವುದು ಅಂದುಕೊಂಡೆ.

ಕಲ್ಲಿನ ದೊಡ್ಡಿ. ಒಂದೇ ಬಾಗಿಲು.
ಗುಂಡು ಉಳಿಸಿ ಎಂದು ಅಪ್ಪಣೆ.
ನಮ್ಮ ಮೆರಿನೊ ತಳಿಯೇ ಕಣೇ, ಅದೇ ಮೂತಿ.
ಹೋ ಹೋ ಅಂದೆ, ಇಲ್ಲಿ ಅನ್ನುವ ಹಾಗೇ.
ಸುಮ್ಮನೆ ನಿಂತವು.

ಎಣಿಸಿದ್ದು ಯಾಕೆ ಎಂದು ನಾನು ಕೇಳಲಿಲ್ಲ.
ಕುರಿ ಕಾಯುವವನು ಎಣಿಸದೆ ಇರಲಾರ.

ಹಾಕ್ಡನ್ ಬೆಟ್ಟದಿಂದ ಮಂದೆ ಇಳಿದಾಗ
ಗೇಟಿನ ಬಳಿ ಅಪ್ಪ ಲೆಕ್ಕಕ್ಕೆ ನಿಲ್ಲುತ್ತಿದ್ದ,
ನೂರಕ್ಕೊಂದು ಕಲ್ಲು, ಎಡಜೇಬಿನಿಂದ ಬಲಜೇಬಿಗೆ.
ಹತ್ತೊಂಬತ್ತನೆಯ ನೂರಕ್ಕೆ ಕಲ್ಲಲ್ಲ, ಪದಕ.
ಅದು ಕೈ ಬದಲಾಯಿಸುವಾಗ ಗೇಟು ಅಡ್ಡ ಹಿಡಿದು
ಒಂದು ಗಳಿಗೆ ತಡೆಯುತ್ತಿದ್ದ.
ನಾಯಿ ಅವನ ಮುಖ ನೋಡುತ್ತಿತ್ತು.
ಆಮೇಲೆ ಬಿಡುತ್ತಿದ್ದ, ಒಂದರ ಬೆನ್ನ ಮೇಲೊಂದು ಎಗರಿ
ಅವು ಹುಲ್ಲಿಗೆ ಹರಿದುಹೋಗುತ್ತಿದ್ದವು.

ಮೊನ್ನೆ ಡನೀಡನ್ನಿನ ಅಂಗಡಿಗೆ ಒಯ್ದಿದ್ದೆ,
ಮಾರಲಿಕ್ಕಲ್ಲ, ಕೇಳಲಿಕ್ಕೆ.
ಕಲ್ಲಿಗೆ ತಾಗಿ ತಾಗಿ ರಾಣಿಯ ಮೂಗು ಸವೆದಿದೆ,
ಹೆಸರು ತಪ್ಪು, ಹೆಚ್ಚು ಬಾರದು ಅಂದ.
ಅಳಿಸಿದ ಇಸವಿಯ ನೆರಳೇನಾದರೂ ಕಂಡರೆ
ಸ್ವಲ್ಪ ಮೇಲೆ ಕೊಡಬಹುದು. ಕಾಣುತ್ತದೆಯೇ?

ಕಿಟಕಿಗೆ ಓರೆಯಾಗಿ ಹಿಡಿದೆ.
ಮೋಡ ಕವಿದಿತ್ತು. ಏನೂ ಕಾಣಲಿಲ್ಲ.
ರಿಬ್ಬನ್ನು ಮಾತ್ರ ಇನ್ನೂ
ಉಣ್ಣೆಯ ಜಿಡ್ಡು ನಾರುತ್ತಿತ್ತು.