ಸರಸ

ಬೀದರಿನ ಮೋಹನ್ ಮಾರ್ಕೆಟ್ಟು, ಮೂಲೆ ಅಂಗಡಿ. ಏಪ್ರಿಲ್.
ಕರೆಂಟು ಹೋಗಿ ಫ್ಯಾನು ಕೊನೆಯ ಸುತ್ತು ಸುತ್ತುವಾಗ
ಪ್ರಯಾಗಬಾಯಿ ಬಂದಳು, ಆಸ್ಪತ್ರೆ ಆಯಾ,
ನೀಲಿ ಸೀರೆ, ಹೆಗಲಿಗೆ ಚೀಲ, ಚೀಲದಲ್ಲಿ
ಬೆರಳಿಟ್ಟು ಕೆರೆದ ಎರಡು ಖಾಲಿ ಡಬ್ಬಿ.

"ಮೂರನೇದು ಕೊಡು ಮಂದಾಕಿನಿ.
ಕೊಡೂದಕ್ಕ ಮೊದಲ ಖರೇ ಹೇಳು,
ಇದು ಒಳಗ ಹೋಗ್ತದೋ ಇಲ್ಲೋ?"

ಒಂದು ಸಾವಿರದ ಇನ್ನೂರ ತೊಂಬತ್ತೊಂಬತ್ತು.
ಡಬ್ಬಿಯ ಮೇಲೆ ಬೆಳ್ಳಿ ಅಕ್ಷರ:
ಹತ್ತು ವರ್ಷ ಹಿಂದಕ್ಕೆ, ನಾಲ್ಕೇ ವಾರದಲ್ಲಿ.
ತಳದಲ್ಲಿ ಇರುವೆ ಸಾಲಿನಂಥ ಇನ್ನೊಂದು ಬರಹ:
ಮೂವತ್ತೆರಡು ಹೆಂಗಸರು ತಮಗೆ ಹಾಗನಿಸಿತು ಎಂದರು.
ಈ ಕ್ರೀಮು ಬೇಕಾಗುವ ವಯಸ್ಸಿಗೆ ಚಾಳೀಸೂ ಬೇಕು.
ಬಹುಶಃ ಕಂಪನಿಗೆ ಇದು ಗೊತ್ತು.

ಕಲಿಸಿಕೊಟ್ಟ ಮಾತು ಬಾಯಲ್ಲೇ ಇತ್ತು.
ಹೈದರಾಬಾದಿನಿಂದ ಬಂದ ಟೈ ಕಟ್ಟಿದ ಹುಡುಗ
ಎರಡು ತಾಸು ತರಬೇತಿ ಕೊಟ್ಟಿದ್ದ:
ಕೊಲಾಜನ್ ಅಂದರೆ ಚರ್ಮದ ಕಂಬ, ತೊಲೆ, ಅಡ್ಡಪಟ್ಟಿ;
ವಯಸ್ಸಿಗೆ ಕಂಬ ಕುಸಿಯುತ್ತದೆ, ನಾವು ಹೊಸದು ನಿಲ್ಲಿಸುತ್ತೇವೆ.
ನಾನು ಬಡಗಿಯ ಮೊಮ್ಮಗಳು. ಕೈ ಎತ್ತಿ ಕೇಳಿದೆ,
ಬಾಗಿಲು ಹಾಕಿದ್ದರೆ ತೊಲೆ ಒಳಗೆ ಹೇಗೆ ಹೋಗುತ್ತದೆ ಸಾರ್?
ಚಹಾ ಬಂತು, ಎಂದ.

ಭಾಲ್ಕಿಯಲ್ಲಿ ನಮ್ಮಜ್ಜ, ವಿಠೋಬಾ ಪಾಂಚಾಳ,
ಎಮ್ಮೆಯ ತೊಗಲು ಮೂಳೆ ಕುದಿಸಿ ಮಾಡಿದ ಅಂಟಿನ ಬಿಲ್ಲೆ ತಂದು
ಡಬರಿಯಲ್ಲಿ ಕರಗಿಸುತ್ತಿದ್ದ.
ಇಡೀ ಓಣಿ ಮೂಗಿಗೆ ಸೆರಗು ಹಿಡಿಯುತ್ತಿತ್ತು.
ಗಡಿಸೀಮೆಯವರು ನಾವು, ಅದಕ್ಕೆ ಸರಸ ಅಂತಿದ್ದೆವು.
ಕನ್ನಡ ಮಾಸ್ತರು ಆ ಪದಕ್ಕೆ ಬೇರೆಯೇ ಅರ್ಥ ಹೇಳಿದಾಗ
ತರಗತಿಯೆಲ್ಲ ನಾಚಿತು,
ನಾನೊಬ್ಬಳೇ ಮೂಗು ಮುಚ್ಚಿಕೊಂಡೆ.

ಡಬ್ಬಿಯಲ್ಲಿರುವುದೂ ಅದರ ದಾಯಾದಿಯೇ,
ಗುಲಾಬಿ ಅತ್ತರು ಹಾಕಿಸಿಕೊಂಡದ್ದು.

ಎಂಟು ವರ್ಷದವಳಿದ್ದಾಗ, ಅಜ್ಜ ಊಟಕ್ಕೆ ಎದ್ದ ಹೊತ್ತು,
ಬೆಚ್ಚನೆಯ ಸರಸ ಎರಡೂ ಗಲ್ಲಕ್ಕೆ ಬಳಿದುಕೊಂಡೆ.
ಒಣಗುತ್ತ ಬಂತು. ಮುಖ ಬಿಗಿಯಿತು
ಬೆಂಕಿಗೆ ಕಾಸಿದ ಹಲಗಿಯ ಹಾಗೆ.
ಗೊಂಬೆಯಾದೆ ಅನಿಸಿತು.
ತಮ್ಮ ಬಂದು ನೋಡಿ ನಕ್ಕ, ನಾನೂ ನಕ್ಕೆ,
ಗಲ್ಲ ಚಟ್ಟಂತ ಬಿರುಕುಬಿಟ್ಟಿತು.

ಇನ್ನು ಅಜ್ಜನ ಕೈ.
ನಲವತ್ತು ವರ್ಷ, ಬೆಳಗಿನಿಂದ ಬೈಗಿನವರೆಗೆ, ಅದರಲ್ಲೇ ಅದ್ದಿದ ಕೈ.
ಕುರ್ಚಿಗೆ ಕಾಲು ಹೊಂದಿತು, ತೊಟ್ಟಿಲಿಗೆ ಪಟ್ಟಿ ಹೊಂದಿತು,
ಭಜನೆ ಮಂಡಳಿಯ ಹಾರ್ಮೋನಿಯಂ ಪೆಟ್ಟಿಗೆ ಕೂಡ.
ಕೈ ಮಾತ್ರ ಚೀಪಿ ಎಸೆದ ಮಾವಿನ ವಾಟೆ.

ಇಷ್ಟನ್ನೂ ಪ್ರಯಾಗಬಾಯಿಗೆ ಹೇಳಿದೆ.
"ಮ್ಯಾಲ ಒದ್ದಿ ಆಗ್ತದ, ನುಣ್ಣಗ ಕಾಣ್ತದ, ಮುಖ ತೊಳಕೊಂಡ್ರ ಹೋಗ್ತದ.
ಹೊಸ್ತಿಲ ಹೊರಗ ಬಿದ್ದ ಕಟ್ಟಿಗಿ ಒಳಗಿನ ಕಂಬಾ ಆಗಂಗಿಲ್ಲ ಅಕ್ಕಾ.
ಬಿಸಿಲಾಗ ತಲಿಮ್ಯಾಲ ಸೆರಗು ಹಾಕ್ಕೋ, ಅದಕ್ಕ ರೊಕ್ಕ ಬ್ಯಾಡ."

ಅವಳು ಸಿಟ್ಟಾಗಲಿಲ್ಲ. ಫೋನು ತೆಗೆದು ತೋರಿಸಿದಳು.
ಹಾಜರಿ ಆ್ಯಪು. ದಿನಾ ಎಂಟಕ್ಕೆ ಅದಕ್ಕೆ ಮುಖ ಕೊಡಬೇಕು.
ಒಳಗಿರುವುದು ಹನ್ನೆರಡು ವರ್ಷ ಹಿಂದಿನ ಫೋಟೋ,
ಗಂಡ ಇದ್ದಾಗಿನದು, ಹಲ್ಲೆಲ್ಲ ಇದ್ದಾಗಿನದು.
ಪರದೆ ಕೆಂಪಾಗಿ ಹೇಳಿತು: ಮುಖ ಹೊಂದುತ್ತಿಲ್ಲ.

"ತಿಂಗಳಿಗೆ ನಾಕು ದಿನದ ಪಗಾರ ಹೋಗ್ತದ.
ಚಂದ ಕಾಣೂ ಹುಚ್ಚು ಯಾರಿಗದಾ?
ನಾನು ನಾನೇ ಅಂತ ಕಂಡ್ರ ಸಾಕು."

ತರಬೇತಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.
ಅಜ್ಜನ ಡಬರಿಯಲ್ಲೂ ಇರಲಿಲ್ಲ.
ಫೋಟೋ ಬದಲಿಸುವ ಕಚೇರಿ ಹಿಂದಿನ ಓಣಿಯಲ್ಲೇ ಇದೆ ಎಂದೆ.
ಗೊತ್ತು ಎಂದಳು. ಮೂರು ಸಲ ಹೋಗಿಬಂದಿದ್ದಾಳೆ.
ಅಲ್ಲಿ ಬೆರಳು ಕೇಳುತ್ತಾರೆ,
ಬೆರಳ ಗೆರೆಗಳನ್ನು ಫಿನಾಯಿಲು ತಿಂದಿದೆ.

ಹತ್ತು ರೂಪಾಯಿಯ ವ್ಯಾಸಲೀನು ಒಯ್ದಳು, ಹಿಮ್ಮಡಿಗೆ.
ಈ ತಿಂಗಳ ಟಾರ್ಗೆಟ್ಟಿಗೆ ಇನ್ನೂ ಹದಿನೇಳು ಡಬ್ಬಿ.

ರಾತ್ರಿ ಶಟರ್ ಎಳೆಯುವ ಮುಂಚೆ
ಟೆಸ್ಟರ್ ಡಬ್ಬಿಯ ತಳವನ್ನು ಕಿರುಬೆರಳಲ್ಲಿ ಬಳಿದು
ಕಣ್ಣ ಕೆಳಗೆ ಹಚ್ಚಿಕೊಳ್ಳುತ್ತೇನೆ. ದಿನಾ.
ತಂಪಾಗುತ್ತದೆ.
ಅಷ್ಟು ಖರೆ.